ಕವಿತೆಗೆ ಕೆಂಪು ಪೆನ್ನು ಹಿಡಿಯುವ ಮೊದಲು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ನಾವು ಹತ್ತು ಹನ್ನೆರಡು ಜನ ತಿಂಗಳಿಗೊಮ್ಮೆ ಸೇರುತ್ತೇವೆ. ಪಿ.ಜೆ. ಬಡಾವಣೆಯ ಒಂದು ಮನೆಯ ಮಹಡಿ ಕೋಣೆ. ನಿವೃತ್ತ ಮೇಷ್ಟ್ರು ಇದ್ದಾರೆ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಇದ್ದಾಳೆ. ಜಗಳೂರು ಕಡೆಯ ರೈತರೊಬ್ಬರು ಮೆಕ್ಕೆಜೋಳದ ಕೆಲಸ ಮುಗಿಸಿ ಬಸ್ಸು ಹತ್ತಿ ಬರುತ್ತಾರೆ. ಬರೆದದ್ದನ್ನು ತಂದು ಓದುತ್ತೇವೆ, ಮಾತಾಡುತ್ತೇವೆ. ಮಂಡಕ್ಕಿ ಮಿರ್ಚಿ ಬರುವಷ್ಟರಲ್ಲಿ ಜಗಳ ಶುರುವಾಗಿರುತ್ತದೆ. "ಇದು ವ್ಯಾಕರಣ ತಪ್ಪು" ಅಂತ ಒಬ್ಬರು. "ಇದು ಕವಿಯ ಸ್ವಾತಂತ್ರ್ಯ" ಅಂತ ಇನ್ನೊಬ್ಬರು. ಹೊಸದಾಗಿ ಬಂದವರೂ ಇದನ್ನೇ ಕೇಳುತ್ತಾರೆ. ಅಂಥ ಪ್ರಶ್ನೆಗಳಿಗೆ ನನಗೆ ತಿಳಿದಂತೆ ಇಲ್ಲಿ ಉತ್ತರ ಬರೆದಿದ್ದೇನೆ.

ಕವಿಗೆ ವ್ಯಾಕರಣ ಮೀರುವ ಹಕ್ಕು ಇದೆಯೋ ಇಲ್ಲವೋ? ಒಂದೇ ಮಾತಲ್ಲಿ ಹೇಳಿ.

ಇದೆ. ಆದರೆ ಆ ಹಕ್ಕನ್ನು ಕಾಗದದ ಮೇಲೆ ನೋಡಿ ತೀರ್ಮಾನ ಮಾಡಬೇಡಿ. ಕವಿತೆಯನ್ನು ಗಟ್ಟಿಯಾಗಿ ಓದಿ. ಬರೆದವರು ಓದಬಾರದು, ಬೇರೆಯವರು ಓದಬೇಕು. ಓದುವವರ ನಾಲಗೆ ಎಲ್ಲಿ ನಿಲ್ಲುತ್ತದೆ ಅಂತ ಕೇಳಿಸಿಕೊಳ್ಳಿ. ಆ ನಿಲುಗಡೆ ಕವಿತೆಗೆ ಬೇಕಾಗಿತ್ತಾ? ಬೇಕಾಗಿದ್ದರೆ ಅದು ಸ್ವಾತಂತ್ರ್ಯ. ಬೇಡದ ಕಡೆ ಎಡವಿಸಿದರೆ ಅದು ತಪ್ಪು.

ಒಂದು ಉದಾಹರಣೆ ಹೇಳುತ್ತೇನೆ. ಬಟ್ಟೆ ಅಂಗಡಿಯ ಹುಡುಗಿ ಒಮ್ಮೆ ಹೀಗೆ ಬರೆದು ತಂದಳು:

ಬಂದಳು ಅವ್ವ.
ಬಿಂದಿಗೆ. ಮೆಟ್ಟಿಲು. ಬಿಂದಿಗೆ.
ಸೊಂಟ.

ಮೇಷ್ಟ್ರು ಕೂಡಲೇ, "ಇವು ವಾಕ್ಯವೇ ಅಲ್ಲಮ್ಮ, ಕ್ರಿಯಾಪದ ಎಲ್ಲಿ?" ಅಂದರು. ಮಾತು ಸರಿಯೇ. ಮೊದಲ ಸಾಲು ಬಿಟ್ಟರೆ ಕ್ರಿಯಾಪದ ಇಲ್ಲ. ಆಮೇಲೆ ಜಗಳೂರಿನ ಅಣ್ಣ ಅದನ್ನು ಗಟ್ಟಿಯಾಗಿ ಓದಿದರು. ಪ್ರತಿ ಚುಕ್ಕಿಯಲ್ಲೂ ಅವರ ಉಸಿರು ನಿಂತಿತು. ನೀರು ಹೊತ್ತು ಮೆಟ್ಟಿಲು ಹತ್ತುವ ಹೆಂಗಸಿನ ಏದುಸಿರು ಆ ಚುಕ್ಕಿಗಳಲ್ಲಿತ್ತು. ಅಲ್ಲಿ ಕ್ರಿಯಾಪದ ಹಾಕಿದರೆ ಅವ್ವ ಆರಾಮಾಗಿ ನಡೆದು ಬಂದಂತೆ ಆಗುತ್ತಿತ್ತು. ಮೇಷ್ಟ್ರು ಇನ್ನೊಂದು ಸಲ ಓದಿಸಿದರು. ಆಮೇಲೆ ಪೆನ್ನು ಜೇಬಿಗೆ ಹಾಕಿಕೊಂಡರು.

ವ್ಯಾಕರಣ ಮೊದಲು ಹುಟ್ಟಿತಾ, ಕವಿತೆ ಮೊದಲು ಹುಟ್ಟಿತಾ?

ನಮ್ಮ ಮಟ್ಟಿಗೆ ಕವಿತೆಯೇ ಮೊದಲು. ಇದಕ್ಕೆ ವ್ಯಾಕರಣ ಬರೆದವರೇ ಸಾಕ್ಷಿ. ಕೇಶಿರಾಜ ಸುಮಾರು 1260ರಲ್ಲಿ 'ಶಬ್ದಮಣಿದರ್ಪಣ' ಬರೆದ. ಹಳಗನ್ನಡ ವ್ಯಾಕರಣಕ್ಕೆ ಇವತ್ತಿಗೂ ನಾವು ಹೋಗುವುದು ಅಲ್ಲಿಗೇ. ಆತ ಶುರುವಿನಲ್ಲೇ ಒಂದು ಪಟ್ಟಿ ಕೊಡುತ್ತಾನೆ. ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಪೊನ್ನ, ಹಂಪ ಅಂದರೆ ಪಂಪ, ಸುಜನೋತ್ತಂಸ. ಇವರು ನಡೆದ ದಾರಿಯೇ ತನ್ನ ಪುಸ್ತಕಕ್ಕೆ ಲಕ್ಷ್ಯ, ಅಂದರೆ ಉದಾಹರಣೆ ಅನ್ನುತ್ತಾನೆ. ಅಂದರೆ ಆತ ನಿಯಮ ಹುಡುಕಲು ಕವಿಗಳ ಮನೆಗೆ ಹೋದ. ಅವರು ಹೇಗೆ ಬರೆದರು ಅಂತ ನೋಡಿ ಸೂತ್ರ ಕಟ್ಟಿದ.

ನನಗೆ ಈ ಪಟ್ಟಿ ತುಂಬಾ ಇಷ್ಟ. ವ್ಯಾಕರಣ ಅಂದರೆ ಪೊಲೀಸ್ ಅಂತ ಹೆದರುವ ಹುಡುಗರಿಗೆ ಇದನ್ನೇ ತೋರಿಸುತ್ತೇನೆ. ಕವಿತೆಯಲ್ಲಿ ಏನು ಬೇಕಾದರೂ ನಡೆಯುತ್ತೆ ಅನ್ನುವವರಿಗೂ ಇದನ್ನೇ ತೋರಿಸುತ್ತೇನೆ. ಆ ಕವಿಗಳು ಅಷ್ಟು ಎಚ್ಚರದಿಂದ ಬರೆದಿದ್ದಕ್ಕೇ ಅಲ್ವಾ ಅವರ ಪದ್ಯದಿಂದ ನಿಯಮ ತೆಗೆಯಲು ಆಗಿದ್ದು?

'ಬರುತ್ತಿದೆ' ಅನ್ನುವುದನ್ನು 'ಬರುತಿದೆ' ಅಂತ ಬರೆದರೆ ಕಾಗುಣಿತ ತಪ್ಪಲ್ಲವಾ?

ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಭಾಮಿನಿ ಷಟ್ಪದಿ ಆರು ಸಾಲಿನ ಪದ್ಯ. ಮಾತ್ರೆ ಅಂದರೆ ಉಚ್ಚಾರದ ಅಳತೆ. 1, 2, 4, 5ನೇ ಸಾಲುಗಳಿಗೆ 14 ಮಾತ್ರೆ. ಮೂರು, ನಾಲ್ಕು, ಮೂರು, ನಾಲ್ಕು ಅಂತ ಹೆಜ್ಜೆ. 3 ಮತ್ತು 6ನೇ ಸಾಲು ಉದ್ದ, 23 ಮಾತ್ರೆ. ಒಟ್ಟು 102. ಹ್ರಸ್ವ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘ ಅಕ್ಷರ ಗುರು, ಅದಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ಈಗ ಈ ಸಾಲು ನೋಡಿ:

ಮಳೆಯು ಬರುತಿದೆ ಹೊಲದ ಬದುವಿಗೆ

ಎಣಿಸಿ. ಮಳೆಯು ಮೂರು, ಬರುತಿದೆ ನಾಲ್ಕು, ಹೊಲದ ಮೂರು, ಬದುವಿಗೆ ನಾಲ್ಕು. ಸರಿಯಾಗಿ 14. ಇದನ್ನೇ 'ಬರುತ್ತಿದೆ' ಮಾಡಿ. 'ರು' ಗುರುವಾಯಿತು. ಐದು ಮಾತ್ರೆ. ಸಾಲು ಕುಂಟಿತು. ತಿದ್ದಿದವರು ಕಾಗುಣಿತ ಉಳಿಸಿದರು, ನಡಿಗೆ ಕಳೆದರು. ಹಾಗಾಗಿ ಇಲ್ಲಿ 'ಬರುತಿದೆ' ತಪ್ಪಲ್ಲ. 'ಹೊಲಕ್ಕೆ' ಹೋಗಿ 'ಹೊಲಕೆ' ಆಗುವುದೂ ಹೀಗೇ. ಕನ್ನಡ ಪದ್ಯದಲ್ಲಿ ಇದು ಹಳೇ ರೂಢಿ.

ಹಾಗಂತ ಎಲ್ಲ ಒತ್ತನ್ನೂ ಕಿತ್ತುಹಾಕಲು ಬರುವುದಿಲ್ಲ. ಒಬ್ಬರು ಮಾತ್ರೆ ಹೊಂದಿಸಲು 'ಎಲ್ಲೆ' ಅನ್ನುವುದನ್ನು 'ಎಲೆ' ಮಾಡಿಕೊಂಡು ಬಂದಿದ್ದರು. ಊರ ಎಲ್ಲೆ ದಾಟಿದ ಕವಿತೆ, ಓದಿದರೆ ಮರದ ಎಲೆ ದಾಟಿದಂತೆ ಕೇಳಿತು. 'ಕತ್ತೆ'ಯ ಒತ್ತು ತೆಗೆದರೆ 'ಕತೆ' ಆಗುತ್ತದೆ. ಪ್ರತ್ಯಯದ ಒತ್ತು ಸಡಿಲವಾದರೆ ಅರ್ಥ ಕದಲುವುದಿಲ್ಲ. ಪದದ ಮೈಯಲ್ಲೇ ಇರುವ ಒತ್ತು ಹೋದರೆ ಪದವೇ ಬೇರೆ ಆಗುತ್ತದೆ. ಈ ವ್ಯತ್ಯಾಸ ಕಿವಿಗೆ ತಾನಾಗೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಛಂದಸ್ಸೇ ಇಲ್ಲದ ಕವಿತೆಯಲ್ಲಿ ಒಂದು ಸಾಲಿಗೆ 'ಬರುತ್ತಿದೆ', ಮುಂದಿನ ಸಾಲಿಗೆ 'ಬರುತಿದೆ' ಅಂತ ಇದ್ದರೆ ನಾನು ಯಾಕೆ ಅಂತ ಕೇಳುತ್ತೇನೆ. ಅಲ್ಲಿ ಮಾತ್ರೆಯ ಕಾರಣ ಇಲ್ಲ. ಬೇರೆ ಕಾರಣ ಇರಬೇಕು.

ಹಳೇ ಛಂದಸ್ಸಿನಲ್ಲಿ ರಿಯಾಯಿತಿಯೇ ಇರಲಿಲ್ಲವಾ?

ಇತ್ತು, ಚೆನ್ನಾಗಿಯೇ ಇತ್ತು. ಒತ್ತಕ್ಷರದ ಹಿಂದಿನದು ಗುರು ಅಂದೆನಲ್ಲ, ಹಳಗನ್ನಡದ ಕೆಲವು ಪದಗಳಲ್ಲಿ ಒತ್ತನ್ನು ತೇಲಿಸಿ ಉಚ್ಚರಿಸಿದರೆ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಇದಕ್ಕೆ ಶಿಥಿಲದ್ವಿತ್ವ ಅಂತ ಹೆಸರು. ಸಾಲಿನ ಕೊನೆಯ ಲಘುವನ್ನು ಗುರು ಅಂತ ಎಣಿಸಿಕೊಳ್ಳಲೂ ಅವಕಾಶ ಇದೆ. ಅಲ್ಲಿ ದನಿ ತಾನಾಗೇ ಎಳೆಯುತ್ತದೆ.

ಯತಿ ವಿಷಯ ಇನ್ನೂ ಸೊಗಸು. ಸಂಸ್ಕೃತದ ವೃತ್ತಗಳಲ್ಲಿ ಸಾಲಿನ ಇಂಥ ಕಡೆ ಉಸಿರು ನಿಲ್ಲಬೇಕು, ಪದ ಅಲ್ಲಿಗೆ ಮುಗಿಯಬೇಕು ಅಂತ ನಿಯಮ. ಕನ್ನಡ ಕವಿಗಳು ಅದನ್ನು ದಾಟಿ ಬರೆದರು. "ಯತಿವಿಲಂಘನದಿಂದರಿದಲ್ತೆ ಕನ್ನಡಂ" ಅನ್ನುವ ಹಳೇ ಮಾತೇ ಇದೆ. ಯತಿ ದಾಟಿದ್ದನ್ನು ದೋಷದ ಪಟ್ಟಿಗೆ ಹಾಕುವ ಬದಲು ಕನ್ನಡದ ಗುಣ ಅಂತ ಒಪ್ಪಿಕೊಂಡರು. ಕನ್ನಡದ ಪದಗಳು ಪ್ರತ್ಯಯ ಹತ್ತಿಸಿಕೊಂಡು ಉದ್ದ ಆಗುತ್ತವೆ. ಬೇರೆ ಭಾಷೆಯ ಅಳತೆಗೆ ಅವನ್ನು ಕತ್ತರಿಸುವುದು ಕಷ್ಟ.

ನಮ್ಮೂರ ಮಾತಲ್ಲಿ ಬರೆದರೆ ಅಶುದ್ಧ ಅನ್ನುತ್ತಾರೆ. 'ಐತೆ' ಅನ್ನಬೇಕಾ 'ಇದೆ' ಅನ್ನಬೇಕಾ?

ಕವಿತೆಯಲ್ಲಿ ಮಾತಾಡುತ್ತಿರುವವರು ಯಾರು? ಶೇಂಗಾ ಬಿಡಿಸುತ್ತಾ ಕೂತ ಅಜ್ಜಿ ಮಾತಾಡುತ್ತಿದ್ದರೆ 'ಐತೆ'ಯೇ ಸರಿ. ಅವಳ ಬಾಯಿಗೆ 'ಇದೆ' ಹಾಕಿದರೆ ಅಲ್ಲಿ ಬೇರೆ ಯಾರೋ ಬಂದು ಕೂತಂತೆ ಆಗುತ್ತದೆ.

ಇದು ಹೊಸ ಜಗಳ ಅಲ್ಲ. 9ನೇ ಶತಮಾನದ 'ಕವಿರಾಜಮಾರ್ಗ'ದಲ್ಲೇ ಇದರ ಮಾತಿದೆ. ಅಲ್ಲಿ 'ಕನ್ನಡಂಗಳ್' ಅಂತ ಬಹುವಚನ ಬರುತ್ತದೆ. ದೇಸಿ ಬೇರೆ ಬೇರೆಯಾಗಿರುವುದರಿಂದ, ಈ ಕನ್ನಡಗಳಲ್ಲಿ ದೋಷ ಇಷ್ಟೇ ಅಂತ ತೀರ್ಮಾನ ಮಾಡಲು ವಾಸುಕಿಗೂ ಆಗದೆ ಬೇಸರ ಬಂದೀತು ಅನ್ನುತ್ತದೆ ಆ ಪದ್ಯ. ಕಾವ್ಯದ ದೋಷಗಳನ್ನು ಹುಡುಕಿ ಹುಡುಕಿ ವಿಂಗಡಿಸಿದ ಪುಸ್ತಕವೇ ಹೀಗೆ ಹೇಳುತ್ತದೆ. ನಮ್ಮ ಕೋಣೆಯ ಗೋಡೆಗೆ ಏನಾದರೂ ಬರೆದು ಹಾಕುವುದಾದರೆ ಆ ಪದ್ಯವನ್ನೇ ಹಾಕಬೇಕು ಅಂತ ನನ್ನ ಆಸೆ.

ನಮ್ಮ ಸೀಮೆಯವರೇ ಆದ ಸಿರಿಯಜ್ಜಿಯನ್ನು ನೆನೆಯಿರಿ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯವರು. ಓದು ಬರಹ ಇರಲಿಲ್ಲ. ಸಾವಿರಾರು ಜನಪದ ಹಾಡು ನಾಲಗೆ ಮೇಲಿದ್ದವು. ಆ ಹಾಡುಗಳಿಗೆ 'ಶುದ್ಧ' ಕನ್ನಡದ ಅಂಗಿ ತೊಡಿಸಲು ಹೋದರೆ ಧಾಟಿ ಅಲ್ಲೇ ಹರಿಯುತ್ತದೆ. ಅಲ್ಲಿ ಲಯ ಕಟ್ಟಿರುವುದೇ ಆ ಊರಿನ ಉಚ್ಚಾರದ ಮೇಲೆ.

ಆದರೆ ಒಂದು ಎಚ್ಚರ. ದಾವಣಗೆರೆಯ ಹುಡುಗ ಧಾರವಾಡದ ಮಾತಲ್ಲಿ ಬರೆದು ತಂದರೆ, ನಾಲ್ಕನೇ ಸಾಲಿಗೇ ಅದು ಎರವಲು ಅಂತ ತಿಳಿಯುತ್ತದೆ. ಬೇಂದ್ರೆಯವರನ್ನು ಓದಿದ ಖುಷಿಗೆ ಹಾಗೆ ಆಗುತ್ತದೆ, ನನಗೂ ಅರ್ಥವಾಗುತ್ತದೆ. ಆದರೂ ಹೇಳಲೇಬೇಕು.

ಮಹಾಪ್ರಾಣ ಬಿಟ್ಟರೆ? 'ವಿದ್ಯಾರ್ತಿ' ಅಂತ ಬರೆದರೆ ಅದೂ ಸ್ವಾತಂತ್ರ್ಯವಾ?

ಪಾತ್ರದ ಮಾತಾದರೆ ಇರಲಿ. ಕವಿಯ ಮಾತಾದರೆ ತಿದ್ದಿ. ಇದಕ್ಕೆ ಜಾಸ್ತಿ ಚರ್ಚೆ ಬೇಡ.

ವಿಭಕ್ತಿ ಪ್ರತ್ಯಯ ಬಿಡಬಹುದಾ?

ಮಾತಿನಲ್ಲಿ ದಿನಾ ಬಿಡುತ್ತೇವೆ. 'ನೀರು ಕುಡಿದೆ', 'ಊರು ಸೇರಿದೆ'. ಯಾರೂ 'ನೀರನ್ನು ಕುಡಿದೆ' ಅನ್ನುವುದಿಲ್ಲ. ಕವಿತೆಯಲ್ಲೂ ಬಿಡಿ. ಆದರೆ ಇದನ್ನು ನೋಡಿ: "ಹುಲಿ ಕೊಂದ ಬೇಟೆಗಾರ." ಸತ್ತವರು ಯಾರು? ಹುಲಿಯಾ, ಬೇಟೆಗಾರನಾ? ಎರಡೂ ಆಗಬಹುದು. 'ಹುಲಿಯನ್ನು' ಅಂದರೆ ಒಂದೇ ಅರ್ಥ ನಿಲ್ಲುತ್ತದೆ.

ಈ ಗೊಂದಲ ಬೇಕು ಅಂತಲೇ ಇಟ್ಟಿದ್ದರೆ, ಕೊಂದವನೂ ಒಳಗೆ ಸತ್ತಿದ್ದಾನೆ ಅನ್ನುವುದು ಕವಿತೆಯ ಜೀವ ಆಗಿದ್ದರೆ, ಆ ಬಿಟ್ಟ ಪ್ರತ್ಯಯಕ್ಕೆ ಕೈ ಮುಗಿಯುತ್ತೇನೆ. ಸುಮ್ನೆ ಸಾಲು ಚಿಕ್ಕದಾಗಲಿ ಅಂತ ಬಿಟ್ಟಿದ್ದರೆ ವಾಪಸ್ ಹಾಕಿ ಅನ್ನುತ್ತೇನೆ. ಯಾವುದು ಅಂತ ತಿಳಿಯುವುದು ಹೇಗೆ? ಆ ಒಂದು ಸಾಲಿನಿಂದ ತಿಳಿಯುವುದಿಲ್ಲ. ಉಳಿದ ಕವಿತೆ ಆ ಎರಡನೇ ಅರ್ಥವನ್ನು ಮತ್ತೆ ಮುಟ್ಟುತ್ತದಾ ಅಂತ ನೋಡಬೇಕು.

ಪದಗಳ ಜಾಗ ಬದಲಿಸುವುದಕ್ಕೆ ಮಾತ್ರ ಕನ್ನಡದಲ್ಲಿ ಹೆದರಬೇಕಿಲ್ಲ. ಪ್ರತ್ಯಯ ಇರುವವರೆಗೂ ಪದ ಎಲ್ಲಿ ಕೂತರೂ ಅದರ ಕೆಲಸ ಗೊತ್ತಾಗುತ್ತದೆ.

ಪ್ರಾಸ ಇಲ್ಲದಿದ್ದರೆ ಅದು ಕವಿತೆಯಾ?

ಎಂ. ಗೋವಿಂದ ಪೈಗಳು 1911ರಲ್ಲೇ ದ್ವಿತೀಯಾಕ್ಷರ ಪ್ರಾಸ ಬಿಟ್ಟರು. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು ಅನ್ನುವ ನಿಯಮ ಅದು. ಆಗ ದೊಡ್ಡ ಚರ್ಚೆಯೇ ಆಯಿತು. ಆದರೆ ಡಿ.ವಿ.ಜಿ. ಅವರು 1943ರಲ್ಲಿ ಬಂದ 'ಕಗ್ಗ'ದಲ್ಲಿ ಅದೇ ಪ್ರಾಸ ಇಟ್ಟುಕೊಂಡರು. ಬಿಟ್ಟವರೂ ಗೆದ್ದರು, ಇಟ್ಟವರೂ ಗೆದ್ದರು.

ಆ ಪ್ರಾಸ ಯಾಕಿತ್ತು ಅಂತ ನನಗೆ ಹೊಳೆದದ್ದು ಹರಿಹರದಲ್ಲಿ. ಹರಿಹರೇಶ್ವರ ಗುಡಿ 1224ರದು, ದಾವಣಗೆರೆಯಿಂದ ಬಸ್ಸಲ್ಲಿ ಸ್ವಲ್ಪ ಹೊತ್ತಿನ ದಾರಿ. ಅಲ್ಲಿನ ಶಾಸನದ ಕಲ್ಲಿನಲ್ಲಿ ಪದ್ಯಗಳಿವೆ. ನಮ್ಮ ಪುಸ್ತಕದ ಹಾಗೆ ಪಾದಕ್ಕೊಂದು ಸಾಲು ಅಂತ ಬಿಡಿಸಿ ಕೆತ್ತಿಲ್ಲ. ಅಕ್ಷರಗಳು ಒಂದರ ಹಿಂದೆ ಒಂದು ಹೋಗುತ್ತಲೇ ಇರುತ್ತವೆ. ಅಂಥದ್ದನ್ನು ಓದುವಾಗ ಹೊಸ ಪಾದ ಎಲ್ಲಿ ಶುರುವಾಯಿತು ಅಂತ ಕಿವಿಗೆ ಹೇಳುವುದು ಆ ಎರಡನೇ ಅಕ್ಷರ. ಅದು ದಾರಿಯ ಗುರುತು. ಈಗ ಅಚ್ಚಿನಲ್ಲಿ ಸಾಲು ಕಣ್ಣಿಗೇ ಕಾಣುತ್ತದೆ. ಗುರುತಿನ ಕೆಲಸ ಕಡಿಮೆಯಾಯಿತು.

ನನಗೆ ಬೇಸರ ತರುವುದು ಪ್ರಾಸ ಇಲ್ಲದಿರುವುದಲ್ಲ, ಪ್ರಾಸಕ್ಕಾಗಿ ಎಳೆದು ತಂದ ಪದ. 'ಬಾನು' ಅಂದಮೇಲೆ 'ಜೇನು' ಬಂದೇ ಬರುತ್ತದೆ, ಕವಿತೆಯಲ್ಲಿ ಜೇನಿಗೆ ಏನೂ ಕೆಲಸ ಇಲ್ಲದಿದ್ದರೂ. ವ್ಯಾಕರಣದ ಪ್ರಕಾರ ಅಂಥ ಸಾಲಿನಲ್ಲಿ ಒಂದು ತಪ್ಪೂ ಇರುವುದಿಲ್ಲ. ಆದರೂ ನನ್ನ ಲೆಕ್ಕದಲ್ಲಿ ಅದು 'ಬರುತಿದೆ'ಗಿಂತ ದೊಡ್ಡ ತಪ್ಪು.

ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಬಾರದು ಅನ್ನುತ್ತಾರಲ್ಲ?

ಅರಿಸಮಾಸದ ಮಾತು. ಹಳೆಯವರು ಅದನ್ನು ದೋಷ ಅಂದರು, ಆಮೇಲೆ ಕವಿಗಳು ಬಳಸಿದ್ದಕ್ಕೆ ವಿನಾಯಿತಿಯನ್ನೂ ಕೊಟ್ಟರು. 'ಮಳೆಗಾಲ'ದಲ್ಲಿ ಮಳೆ ಕನ್ನಡ, ಕಾಲ ಸಂಸ್ಕೃತ. ಭದ್ರಾ ಕಾಲುವೆಗೆ ನೀರು ಬಿಡುವುದನ್ನು ಕಾಯುವ ರೈತರಿಗೆ ಇದನ್ನು ತಪ್ಪು ಅಂತ ಹೇಳಲು ಆಗುತ್ತದಾ? ಕಿವಿಗೆ ಒರಟಾಗಿ ಕೇಳಿದರೆ ಮಾತ್ರ ಹೇಳಿ.

13ನೇ ಶತಮಾನದ ಆಂಡಯ್ಯನನ್ನೂ ಇಲ್ಲಿ ನೆನೆಯಬೇಕು. ಸಂಸ್ಕೃತ ಪದಗಳನ್ನು ಹಾಗೆಹಾಗೇ ತರದೆ ಇಡೀ 'ಕಬ್ಬಿಗರ ಕಾವ'ವನ್ನು ಬರೆದ. ಯಾರೂ ಹೇರದ ನಿಯಮ, ತಾನೇ ಹಾಕಿಕೊಂಡದ್ದು. ಕವಿಯ ಸ್ವಾತಂತ್ರ್ಯ ಅಂದರೆ ಸಡಿಲ ಮಾಡುವುದು ಮಾತ್ರ ಅಲ್ಲ. ಬಿಗಿ ಮಾಡಿಕೊಳ್ಳುವ ಸ್ವಾತಂತ್ರ್ಯವೂ ಇದೆ.

ಗಜಲ್ ಬರೆದರೂ ನಿಯಮ ಕೇಳುತ್ತೀರಿ. ಅಲ್ಲಿ ಯಾಕೆ ಬಿಡುವುದಿಲ್ಲ?

ಮೇಲೆ 'ಗಜಲ್' ಅಂತ ಹೆಸರಿಟ್ಟವರು ನೀವೇ ಅಲ್ವಾ? ಹೆಸರು ಕೇಳಿದ ಕೂಡಲೇ ಕಿವಿ ರದೀಫ್‌ಗೆ, ಅಂದರೆ ಸಾಲಿನ ಕೊನೆಗೆ ಮತ್ತೆ ಮತ್ತೆ ಬರುವ ಪದಕ್ಕೆ ಕಾಯುತ್ತದೆ, ಅದರ ಹಿಂದಿನ ಪ್ರಾಸದ ಪದವಾದ ಕಾಫಿಯಾಕ್ಕೆ ಕಾಯುತ್ತದೆ. ಮತ್ಲಾದ, ಅಂದರೆ ಮೊದಲ ದ್ವಿಪದಿಯ ಎರಡೂ ಸಾಲಿನಲ್ಲಿ ಅವು ಬಂದು, ಆಮೇಲೆ ಪ್ರತಿ ದ್ವಿಪದಿಯ ಎರಡನೇ ಸಾಲಿನಲ್ಲಿ ಮರಳಿದಾಗಲೇ ಅದರ ಸುಖ. ರದೀಫ್ ಒಂದನ್ನೇ ಇಟ್ಟು ಕಾಫಿಯಾ ಮರೆತರೆ ಕಿವಿ ಬರಿಗೈಯಲ್ಲಿ ಕೂರುತ್ತದೆ. ನಿಯಮ ಬೇಡವಾದರೆ ಹೆಸರು ತೆಗೆದು ಕವಿತೆ ಅನ್ನಿ. ಕಾಫಿಯಾದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಹೈಕು, ಷಟ್ಪದಿಗೂ ಇದೇ ಮಾತು.

ಬಸವಣ್ಣನವರೇ "ಆನು ಒಲಿದಂತೆ ಹಾಡುವೆ" ಅಂದಿಲ್ಲವಾ?

ಅಂದಿದ್ದಾರೆ. ಪೂರ್ತಿ ವಚನ ಓದಿ. ತಾಳಮಾನ ಅರಿಯೆ, ಓಜೆ ಬಜಾವಣೆಯ ಲೆಕ್ಕ ಅರಿಯೆ, ಅಮೃತಗಣ ದೇವಗಣ ಅರಿಯೆ ಅನ್ನುತ್ತಾರೆ. 'ಅರಿಯೆ' ಮೂರು ಸಲ ಬಂತು. ಕೊನೆಗೆ 'ಹಾಡುವೆ' ಬಂತು. ಮೂರು ಸಲ ಕಿವಿಯನ್ನು ಒಂದೇ ಕಡೆ ಇಳಿಸಿ, ನಾಲ್ಕನೇ ಸಲ ಮೇಲಕ್ಕೆ ಎತ್ತುತ್ತಾರೆ. ಹೊರಗಿನ ಲೆಕ್ಕ ಬಿಟ್ಟ ವಚನ ಒಳಗೆ ತನ್ನದೇ ಲೆಕ್ಕ ಕಟ್ಟಿಕೊಂಡಿದೆ. ಈ ಸಾಲನ್ನು ಗುರಾಣಿ ಮಾಡಿಕೊಂಡು ಬರುವವರಿಗೆ ನಾನು ಕೇಳುವುದು ಇಷ್ಟೇ: ನಿಮ್ಮ ಕವಿತೆಯೊಳಗೆ ಯಾವ ಲೆಕ್ಕ ಇದೆ, ಓದಿ ತೋರಿಸಿ.

ಹಳೇ ಕಾವ್ಯ ಓದಿದ ಪಂಡಿತರು ಹೊಸತನ್ನು ಒಪ್ಪುವುದೇ ಇಲ್ಲ, ಅಲ್ವಾ?

ಹಾಗೆ ಎಲ್ಲರನ್ನೂ ಒಂದೇ ಗಾಡಿಗೆ ಕಟ್ಟಬೇಡಿ. ಚಳ್ಳಕೆರೆ ತಾಲ್ಲೂಕಿನ ತಳುಕಿನವರು ಟಿ.ಎಸ್. ವೆಂಕಣ್ಣಯ್ಯ. ಹಳಗನ್ನಡವನ್ನು ಅರೆದು ಕುಡಿದ ಮೇಷ್ಟ್ರು, ಕುವೆಂಪು ಅವರ ಗುರುಗಳು. 1939ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ 'ಶ್ರೀರಾಮಾಯಣ ದರ್ಶನಂ' ಬಂತು. ಕಂದ, ವೃತ್ತ, ಷಟ್ಪದಿ ಯಾವುದರ ಅಳತೆಗೂ ಕೂರದ ಛಂದಸ್ಸು ಅದರದ್ದು. ಕುವೆಂಪು ಅದನ್ನು ಅರ್ಪಿಸಿದ್ದು ಈ ಗುರುಗಳಿಗೇ. ಹಳತನ್ನು ಚೆನ್ನಾಗಿ ಕಲಿಸಿದವರ ಪಾದಕ್ಕೇ ಹೊಸ ನಡಿಗೆಯ ಕಾವ್ಯ ಹೋಯಿತು. ತಳುಕಿನ ಮೇಲೆ ಬಸ್ಸು ಹೋಗುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ತಪ್ಪು ಹೇಳಲೇಬೇಕಾದಾಗ ಹೇಗೆ ಹೇಳುವುದು?

ನನ್ನ ಕತೆ ಹೇಳುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಚಿತ್ರದುರ್ಗದ ಒಂದು ಕವಿಗೋಷ್ಠಿಗೆ ಹೋಗಿದ್ದೆ. ಅಪ್ಪ ಎತ್ತು ಮಾರಿದ ದಿನದ ಮೇಲೆ ಒಂದು ಕವಿತೆ ಬರೆದಿದ್ದೆ. ತೀರ್ಪುಗಾರರು ಹಾಳೆ ಮೇಲೆತ್ತಿ ಹಿಡಿದು, "ಹನ್ನೊಂದು ತಪ್ಪು" ಅಂದರು. ಒಂದೊಂದಾಗಿ ಓದಿದರು. ಕವಿತೆ ಯಾವುದರ ಬಗ್ಗೆ ಇದೆ ಅಂತ ಒಂದು ಮಾತೂ ಇಲ್ಲ. ನಾಲ್ಕು ವರ್ಷ ನಾನು ಏನೂ ಬರೆಯಲಿಲ್ಲ.

ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಇವತ್ತು ನೋಡಿದರೆ ಹನ್ನೊಂದರಲ್ಲಿ ಒಂಬತ್ತು ನಿಜವಾಗಿಯೂ ತಪ್ಪೇ. ಉಳಿದ ಎರಡು ತಪ್ಪಲ್ಲ. ಅದರಲ್ಲಿ ಒಂದು, 'ಎತ್ತು ಹೋದರು' ಅನ್ನುವ ಸಾಲು. ಎತ್ತು ನಪುಂಸಕ ಲಿಂಗ, 'ಹೋದವು' ಆಗಬೇಕು ಅಂತ ಗೀಟು ಎಳೆದಿದ್ದರು. ನಮ್ಮ ಮನೆಯಲ್ಲಿ ಆ ಎರಡು ಎತ್ತು ಅಪ್ಪನಿಗೆ ಮಕ್ಕಳು. ಅವತ್ತು ಮನೆ ಬಿಟ್ಟು ಹೋದವರು ಇಬ್ಬರು. ಇಡೀ ಕವಿತೆ ಇದ್ದದ್ದು ಆ 'ರು'ದಲ್ಲಿ. ಅವರು ಒಮ್ಮೆ ಗಟ್ಟಿಯಾಗಿ ಓದಿದ್ದರೆ ಕೇಳಿಸುತ್ತಿತ್ತು.

ಅದಕ್ಕೇ ನಮ್ಮ ಕೋಣೆಯಲ್ಲಿ ಮೊದಲು ಓದು. ಆಮೇಲೆ ಕವಿತೆ ಏನು ಹೇಳುತ್ತಿದೆ ಅಂತ ಒಬ್ಬರು ತಮ್ಮ ಮಾತಲ್ಲಿ ಹೇಳಬೇಕು. ಕವಿ ಅದಕ್ಕೆ ಹೂಂ ಅಂದಮೇಲೆ ತಪ್ಪಿನ ಮಾತು. ಹೇಳುವಾಗಲೂ ಎರಡು ಭಾಗ: ನಿಯಮ ಇದು, ಅದನ್ನು ಮೀರಿದ್ದರಿಂದ ಓದುವಾಗ ನನಗೆ ಇಂಥದ್ದು ಕಳೆಯಿತು. ಏನೂ ಕಳೆದಿಲ್ಲ ಅನ್ನಿಸಿದರೆ ಆ ತಪ್ಪನ್ನು ಹಾಳೆಯ ಪಕ್ಕದಲ್ಲಿ ಪೆನ್ಸಿಲ್ಲಲ್ಲಿ ಗುರುತು ಮಾಡಿ ಕೊಟ್ಟರೆ ಸಾಕು. ಸಭೆಯಲ್ಲಿ ಹೇಳಬೇಕಿಲ್ಲ.

ಹೇಳಿದರೂ ಕವಿ ಒಪ್ಪದಿದ್ದರೆ?

ಕವಿತೆ ಅವರದ್ದು. ಮಿರ್ಚಿ ಆರುವ ಮೊದಲು ತಿನ್ನಿ.

ನಾನೂ ಬರಬಹುದಾ? ಏನು ತರಬೇಕು?

ಖಂಡಿತ ಬನ್ನಿ. ಕವಿತೆಯ ಎರಡು ಪ್ರತಿ ತನ್ನಿ, ಅಕ್ಷರ ದೊಡ್ಡದಾಗಿರಲಿ. ಮೇಷ್ಟ್ರಿಗೆ ಕಣ್ಣು ಸ್ವಲ್ಪ ಮಂಜು. ಒಂದು ಪ್ರತಿ ಓದುವವರಿಗೆ. ಇನ್ನೊಂದು ನಿಮ್ಮ ಕೈಯಲ್ಲಿ ಇರಲಿ, ಪೆನ್ನು ಬೇಡ. ಬೇರೆಯವರ ಬಾಯಲ್ಲಿ ನಿಮ್ಮ ಸಾಲು ಎಲ್ಲಿ ಎಡವಿತು ಅಂತ ಬೆರಳಿಟ್ಟು ಕೇಳಿಸಿಕೊಳ್ಳಿ.